ಊದುಕುಲುಮೆಯ ಒಳಗನ್ನು ಲೆಕ್ಕದಿಂದ ಕಾಣುವುದು

ಪ್ರಶ್ನೆ: ಸುರತ್ಕಲ್‌ನಲ್ಲಿ ಲೋಹಶಾಸ್ತ್ರ ಓದುತ್ತಿರುವ ನನ್ನ ಮಗಳು ಕಂಪ್ಯೂಟರ್‌ನಲ್ಲಿ ಅದಿರಿನಿಂದ ಕಬ್ಬಿಣ ತೆಗೆಯುವ ಊದುಕುಲುಮೆಯ (ಬ್ಲಾಸ್ಟ್ ಫರ್ನೇಸ್) ಮಾದರಿ ಕಟ್ಟುತ್ತಿದ್ದಾಳೆ. ಬೆಂಕಿಯೇ ಇಲ್ಲದೆ ಕಬ್ಬಿಣದ ವಿಷಯ ತಿಳಿಯುವುದು ಹೇಗೆ?
– ಓರ್ವ ತಾಯಿ, ಕಾಪು

ಉತ್ತರ: ನಿಮ್ಮ ಸಂದೇಹ ಸಹಜವಾದದ್ದೇ. ಆದರೆ ಉರಿಯುವ ಕುಲುಮೆಯೊಳಗೆ ಇಣುಕುವುದು ಸಾಧ್ಯವಿಲ್ಲ. ಬಿಸಿಗಾಳಿ ನುಗ್ಗುವ ಕೊಳವೆಗಳ ಮುಂದೆ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. 1970ರ ಆಸುಪಾಸಿನಲ್ಲಿ ಜಪಾನಿನ ತಜ್ಞರು ಕೆಲವು ಕುಲುಮೆಗಳನ್ನು ನಿಲ್ಲಿಸಿ, ತಣಿಸಿ, ಪದರ ಪದರವಾಗಿ ಬಿಚ್ಚಿ ನೋಡಿದ ಮೇಲೆಯೇ ಅದಿರು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುವ ವಲಯದ ಸ್ವರೂಪ ಸ್ಪಷ್ಟವಾಯಿತು.

ಪಣಂಬೂರಿನಲ್ಲಿ ತಯಾರಾಗುವಂಥ ಅದಿರಿನ ಉಂಡೆಯೊಂದನ್ನು ಅಂಗೈಯಲ್ಲಿಟ್ಟು ನೋಡಿ. ಅದು ಗೋಲಿಯಂತೆ ಉರುಟಾಗಿರುವುದರಿಂದ, ಅದರ ಜೊತೆ ತುಂಬುವ, ಕಲ್ಲಿದ್ದಲಿನಿಂದ ಮಾಡಿದ, ಒರಟು ಮೂಲೆಗಳಿರುವ ಇಂಧನವಾದ ಕೋಕ್‌ನ ಹಾಗೆ ರಾಶಿಯಾಗಿ ನಿಲ್ಲದೆ ಕುಲುಮೆಯ ನಡುಭಾಗಕ್ಕೆ ಉರುಳುತ್ತದೆ. ಅಲ್ಲಿ ಉಂಡೆಗಳು ಹೆಚ್ಚಾದರೆ ಅನಿಲ ಮೇಲೇರುವ ದಾರಿಯೇ ಬಿಗಿಯಾಗುತ್ತದೆ. ಮಾದರಿಯು ಪ್ರತಿ ಉಂಡೆಯ ತೂಕ, ಗಾತ್ರ, ಘರ್ಷಣೆಗಳನ್ನು ಹಿಡಿದು ಅದು ಎಲ್ಲಿ ನಿಲ್ಲುತ್ತದೆಂದು ಲೆಕ್ಕ ಹಾಕುತ್ತದೆ. ನನಗೆ ಈ ವಿದ್ಯೆಯಲ್ಲಿ ಅತ್ಯಂತ ಸುಂದರವಾಗಿ ಕಾಣುವ ಭಾಗ ಇದೇ.

ಅನಿಲವು ಕುಲುಮೆಯನ್ನು ಕೆಲವೇ ಸೆಕೆಂಡುಗಳಲ್ಲಿ ದಾಟಿದರೆ, ಮೇಲಿನಿಂದ ಸುರಿದ ಅದಿರು ಕೆಳಗಿಳಿಯಲು ಹಲವು ಗಂಟೆಗಳು ಬೇಕು. ಆದ್ದರಿಂದ ಬೆಳಿಗ್ಗೆ ತುಂಬಿಸುವಾಗ ಆದ ತಪ್ಪು ಮಧ್ಯಾಹ್ನದ ಕಬ್ಬಿಣದಲ್ಲಿ ಕಾಣಿಸಿಕೊಳ್ಳಬಹುದು. ಅದನ್ನು ಮೊದಲೇ ಅಂದಾಜಿಸಲು ಮಾದರಿ ನೆರವಾಗುತ್ತದೆ. ಆದರೆ ಮೇಲಿಂದ ಹೊರಬೀಳುವ ಅನಿಲದ ಸಂಯೋಜನೆ, ಕರಗಿದ ಕಬ್ಬಿಣದಲ್ಲಿನ ಸಿಲಿಕಾನ್ ಪ್ರಮಾಣ ಇವುಗಳೊಂದಿಗೆ ತಾಳೆ ನೋಡದ ಮಾದರಿಯನ್ನು ನಂಬಬಾರದು. ಮಗಳು ಅಳತೆಗಳನ್ನು ಎಲ್ಲಿಂದ ಪಡೆಯುತ್ತಿದ್ದಾಳೆಂದು ಅವಶ್ಯ ಕೇಳಿ.