ಡಾಕ್ಟರೂ ಅಲ್ಲ, ಲಾಯರೂ ಅಲ್ಲ. ಪ್ರಾಣಿ ರಕ್ಷಣೆಯ ಕೆಲಸಕ್ಕೆ ಬರಬಹುದಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಏಳು ವರ್ಷದಿಂದ ಅಕೌಂಟ್ಸ್ ಕೆಲಸದಲ್ಲಿದ್ದೀರಿ. ಪ್ರಾಣಿಗಳೆಂದರೆ ಜೀವ. ಈಗಿನ ಕೆಲಸ ಬಿಟ್ಟು ರೆಸ್ಕ್ಯೂಗೆ ಬರಬೇಕು, ಮುಂದೆ ಒಂದು ಶೆಲ್ಟರ್ ನಡೆಸಬೇಕು, ಹಿಂಸೆ ಕೊಡುವವರಿಗೆ ಕಾನೂನಿನ ಮೂಲಕವೇ ಶಿಕ್ಷೆ ಕೊಡಿಸಬೇಕು ಎಂಬ ಆಸೆ ನಿಮ್ಮದು. ಆದರೆ ‘ನಾನು ಡಾಕ್ಟರೂ ಅಲ್ಲ, ಲಾಯರೂ ಅಲ್ಲ. ಲೆಕ್ಕ ಬರೆಯುವುದು ಬಿಟ್ಟರೆ ಬೇರೇನೂ ಬರಲ್ಲ. ನನ್ನಿಂದ ಏನು ಉಪಯೋಗ?’ ಅಂತ ಕೇಳಿದ್ದೀರಿ.

ಹನ್ನೆರಡು ವರ್ಷದಿಂದ ನಾನು ಈ ಕೆಲಸದಲ್ಲಿದ್ದೇನೆ. ಮೊದಲು ಗೂಡು ತೊಳೆಯುತ್ತಿದ್ದೆ, ಆಮೇಲೆ ರೆಸ್ಕ್ಯೂ ವ್ಯಾನ್‌ನಲ್ಲಿದ್ದೆ, ಈಗ ಶೆಲ್ಟರ್ ನೋಡಿಕೊಳ್ಳುತ್ತೇನೆ. ನನ್ನ ಉತ್ತರ ಇಷ್ಟೇ: ಖಂಡಿತ ಬನ್ನಿ. ಲೆಕ್ಕ ಬರೆಯಲು ಬರುತ್ತದಲ್ಲ, ನಮಗೆ ಬೇಕಾಗಿರುವುದು ಅದೇ. ಯಾಕೆ ಅಂತ ಒಂದು ನಾಯಿಯ ವಿಷಯದಿಂದ ಹೇಳುತ್ತೇನೆ.

ಕಂದು ಬಣ್ಣದ ಹೆಣ್ಣು ನಾಯಿ. ಒಂದು ಮನೆಯ ಹಿತ್ತಲಲ್ಲಿ ಗಿಡ್ಡ ಸರಪಳಿಗೆ ಕಟ್ಟಿದ್ದರು. ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು. ನೀರಿನ ಬಟ್ಟಲು ಬತ್ತಿಹೋಗಿ, ತಳದಲ್ಲಿ ಪಾಚಿ ಒಣಗಿ ಹಪ್ಪಳದ ಹಾಗೆ ಎದ್ದಿತ್ತು. ನಮ್ಮನ್ನು ಕಂಡು ಬಾಲ ಅಲ್ಲಾಡಿಸಿತು. ಏಳಲು ಮಾತ್ರ ಆಗಲಿಲ್ಲ.

ಅದನ್ನು ನೋಡಿದ ಯಾರಿಗೇ ಆದರೂ ಎರಡು ಆಸೆ ಹುಟ್ಟುತ್ತದೆ. ಸರಪಳಿ ಬಿಚ್ಚಿ ಎತ್ತಿಕೊಂಡು ಹೊರಟುಬಿಡಬೇಕು. ಹೊಟ್ಟೆ ತುಂಬ ಊಟ ಹಾಕಬೇಕು. ಎರಡೂ ಆ ನಾಯಿಗೆ ಕೇಡು ಮಾಡುವ ಕೆಲಸಗಳೇ.

ಬೇರೆಯವರ ಜಾಗಕ್ಕೆ ಅಧಿಕಾರ ಇಲ್ಲದೆ ನುಗ್ಗಿ ಪ್ರಾಣಿಯನ್ನು ತಂದರೆ ಕಳ್ಳತನದ ದೂರು ನಿಮ್ಮ ಮೇಲೆಯೇ ಬರಬಹುದು. ಅದಕ್ಕಿಂತ ದೊಡ್ಡ ನಷ್ಟ, ಸಾಕ್ಷ್ಯ ಹಾಳಾಗುತ್ತದೆ. ನಾಯಿ ಎಲ್ಲಿತ್ತು, ಸರಪಳಿ ಎಷ್ಟು ಉದ್ದ ಇತ್ತು, ನೀರು ಎಟುಕುತ್ತಿತ್ತಾ ಅನ್ನುವುದನ್ನು ಆಮೇಲೆ ಯಾರೂ ತೋರಿಸಲಾರರು. ಅವತ್ತು ನಾವು ಬೇಲಿಯ ಆಚೆ ನಿಂತು ಪೊಲೀಸರಿಗಾಗಿ ಕಾದೆವು. ಆ ಮುಕ್ಕಾಲು ಗಂಟೆ ಕಳೆಯುವುದು ಬಹಳ ಕಷ್ಟವಾಯಿತು. ಅವರು ಬಂದ ಮೇಲೆ ಒಂದನ್ನೂ ಮುಟ್ಟದೆ ಫೋಟೋ ತೆಗೆದೆವು. ನಾಯಿಯದ್ದು ಎಡದಿಂದ, ಬಲದಿಂದ, ಮೇಲಿನಿಂದ. ಸರಪಳಿಯ ಪಕ್ಕ ಅಳತೆ ಪಟ್ಟಿ ಇಟ್ಟು ಒಂದು. ಬಟ್ಟಲಿನದು ಒಂದು. ಆಮೇಲೆ ಎತ್ತಿಕೊಂಡೆವು. ಶೆಲ್ಟರ್‌ಗೆ ಬಂದ ಕೂಡಲೇ ತೂಕ: 11.2 ಕಿಲೋ.

ಇನ್ನು ಊಟ. ತುಂಬ ದಿನ ಉಪವಾಸ ಇದ್ದ ದೇಹಕ್ಕೆ ಒಮ್ಮೆಲೇ ಜಾಸ್ತಿ ಆಹಾರ ಸಿಕ್ಕರೆ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿರುವ ಫಾಸ್ಫರಸ್ ಮತ್ತು ಪೊಟ್ಯಾಸಿಯಂ ಜೀವಕೋಶಗಳ ಒಳಗೆ ಸರಿದುಬಿಡುತ್ತವೆ. ರಕ್ತದಲ್ಲಿ ಅವು ಕುಸಿದರೆ ಹೃದಯವೇ ನಿಲ್ಲಬಹುದು. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಅನ್ನುತ್ತಾರೆ. ಎರಡನೇ ಮಹಾಯುದ್ಧದ ಕೊನೆಗೆ ಬಿಡುಗಡೆಯಾದ ಕೈದಿಗಳಲ್ಲಿ ಡಾಕ್ಟರುಗಳು ಕಂಡದ್ದೂ ಇದನ್ನೇ. ಹಾಗಾಗಿ ಅಂಥ ನಾಯಿಗೆ ಡಾಕ್ಟರು ಹೇಳಿದ ಅಳತೆಯಲ್ಲಿ, ಸ್ವಲ್ಪ ಸ್ವಲ್ಪವೇ, ದಿನಕ್ಕೆ ಹಲವು ಸಲ ಕೊಡಬೇಕು. ಅದು ಖಾಲಿ ತಟ್ಟೆ ನೆಕ್ಕುತ್ತಾ ನಮ್ಮ ಮುಖ ನೋಡುತ್ತಿದ್ದರೂ ಕೈ ತಡೆಯಬೇಕು.

ಮಾಲೀಕರ ಕಡೆಯ ವಾದ ಏನಿತ್ತು ಗೊತ್ತಾ? ‘ನಾವು ಊಟ ಹಾಕುತ್ತಿದ್ದೆವು, ನಾಯಿಗೇ ಏನೋ ಕಾಯಿಲೆ ಇತ್ತು, ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ.’ ಇದಕ್ಕೆ ಉತ್ತರ ಕೊಟ್ಟದ್ದು ಒಂದು ಇನ್ನೂರು ಪುಟದ ನೋಟ್ ಪುಸ್ತಕ. ದಿನಾ ಬೆಳಿಗ್ಗೆ, ಊಟಕ್ಕೆ ಮೊದಲು, ಅದೇ ತಕ್ಕಡಿಯಲ್ಲಿ ತೂಕ. ಎಷ್ಟು ಗ್ರಾಂ ತಿಂದಿತು, ವಾಂತಿ ಆಯಿತಾ, ಮಲ ಹೇಗಿತ್ತು. ಬರೆದವರ ಸಹಿ. ತೂಕ ಇಳಿಸುವಂಥ ಯಾವ ಕಾಯಿಲೆಯೂ ರಕ್ತ ಪರೀಕ್ಷೆಯಲ್ಲಿ ಕಾಣಲಿಲ್ಲ. ಬರೀ ಆಹಾರದಿಂದ 43ನೇ ದಿನಕ್ಕೆ ಅದು 17.8 ಕಿಲೋ ಆಗಿತ್ತು. ಊಟ ಹಾಕಿದರೆ ಮೈತುಂಬುತ್ತದೆ ಎಂದರೆ, ಮೊದಲು ಊಟ ಹಾಕಿರಲಿಲ್ಲ ಅಂತಲೇ ಅರ್ಥ ಅಲ್ವಾ? ಆ ಪುಸ್ತಕದಲ್ಲಿ ಹೆಚ್ಚಿನ ಪುಟ ಬರೆದದ್ದು ಡಾಕ್ಟರಲ್ಲ, ಬೆಳಗಿನ ಪಾಳಿಯಲ್ಲಿ ಗೂಡು ತೊಳೆಯುವ ಹುಡುಗ. ಶಿಕ್ಷೆಯಾದ ದಿನ ನಾನು ಮೊದಲು ಫೋನ್ ಮಾಡಿದ್ದು ಅವನಿಗೆ.

ದೂರು ಮತ್ತು ವರದಿ ಬರೆಯುವಾಗಲೂ ಇದೇ ಶಿಸ್ತು ಬೇಕು. ಹೊಸಬರು ‘ನಾಯಿ ಕರುಣಾಜನಕ ಸ್ಥಿತಿಯಲ್ಲಿತ್ತು’ ಎಂದು ಬರೆಯುತ್ತಾರೆ. ಅದು ಬರೆದವರ ಮನಸ್ಸಿನ ಸ್ಥಿತಿ ಹೇಳುತ್ತದೆಯೇ ಹೊರತು ನಾಯಿಯದ್ದಲ್ಲ. ಮೈಕಟ್ಟನ್ನು ಅಳೆಯಲು 1ರಿಂದ 9ರವರೆಗಿನ ಒಂದು ಅಂಕಪಟ್ಟಿ ಇದೆ. 1 ಎಂದರೆ ಎಲುಬು ಬಿಟ್ಟು ಏನೂ ಉಳಿದಿಲ್ಲ, 9 ಎಂದರೆ ವಿಪರೀತ ಬೊಜ್ಜು. ಪಶುವೈದ್ಯರಿಂದ ಆ ಅಂಕ ಬರೆಸಿಕೊಳ್ಳಿ. ಎಷ್ಟು ಗಂಟೆಗೆ ನೋಡಿದಿರಿ, ಎಲ್ಲಿ ನಿಂತು ನೋಡಿದಿರಿ, ಗಾಯ ಎಷ್ಟು ಸೆಂಟಿಮೀಟರ್, ಹುಳ ಬಿದ್ದಿತ್ತಾ, ಅದನ್ನು ಬರೆಯಿರಿ. ವಿಡಿಯೋ ತೆಗೆದರೆ ಮೂಲ ಫೈಲನ್ನು ಕತ್ತರಿಸದೆ ಹಾಗೇ ಇಡಿ. ಇನ್ನೊಂದು ಮಾತು: ದೂರು ಕೊಡುವ ಮುಂಚೆ ಸೋಷಿಯಲ್ ಮೀಡಿಯಾಗೆ ಹಾಕಬೇಡಿ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಪೋಸ್ಟ್ ಹರಡುವಷ್ಟರಲ್ಲಿ ಉಳಿದ ಪ್ರಾಣಿಗಳು ಆ ಜಾಗದಿಂದ ಮಾಯವಾಗಿರುತ್ತವೆ. ಎರಡು ಸಲ ನನ್ನ ಕಣ್ಣೆದುರೇ ಹೀಗಾಗಿದೆ.

ಕಾನೂನಿನ ಬಗ್ಗೆ ನೀವು ಮುಖ್ಯವಾಗಿ ತಿಳಿಯಬೇಕಾದ್ದು ಒಂದಿದೆ. 1822ರಲ್ಲಿ ರಿಚರ್ಡ್ ಮಾರ್ಟಿನ್ ಎಂಬ ಸಂಸದರ ಪ್ರಯತ್ನದಿಂದ ಬ್ರಿಟನ್ನಿನಲ್ಲಿ ಒಂದು ಕಾಯ್ದೆ ಬಂತು. ದನ, ಕುದುರೆ, ಕುರಿಗಳನ್ನು ಕ್ರೂರವಾಗಿ ಹೊಡೆಯುವುದು ಅಪರಾಧ ಎಂದಿತು. ನಾಯಿ, ಬೆಕ್ಕಿನ ಮಾತೇ ಅದರಲ್ಲಿರಲಿಲ್ಲ. 1824ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಪ್ರಾಣಿ ದಯಾ ಸಂಘ, ಅಂದರೆ ಈಗಿನ ಆರ್‌ಎಸ್‌ಪಿಸಿಎ, ಮಾರುಕಟ್ಟೆಗಳಿಗೆ ಜನ ಕಳಿಸಿ, ಕಂಡದ್ದನ್ನು ಬರೆಸಿ, ಕೋರ್ಟಿಗೆ ತಂದಿತು. ಕಾಯ್ದೆ ಪುಸ್ತಕದಿಂದ ಬೀದಿಗೆ ಇಳಿದದ್ದು ಹಾಗೆ. ಆದರೆ ಅಂಥ ಕಾನೂನಿಗೆ ಪ್ರಾಣಿ ಮೊದಲು ನೋವು ತಿನ್ನಲೇಬೇಕಿತ್ತು. ಏಟು ಬಿದ್ದ ಮೇಲಷ್ಟೇ ಕೇಸು. ಬ್ರಿಟನ್ನಿನದೇ 2006ರ ಕಾಯ್ದೆ ಇದನ್ನು ತಿರುಗಿಸಿ ಹಾಕಿತು. ಪ್ರಾಣಿ ಸಾಕಿದವರು ಅದರ ಅಗತ್ಯಗಳನ್ನು ಪೂರೈಸಲೇಬೇಕು, ಪೂರೈಸದಿದ್ದರೆ ಅದೇ ತಪ್ಪು. ಭಾರತದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 3ನೇ ಸೆಕ್ಷನ್ ಕೂಡ ಪ್ರಾಣಿಯ ಕ್ಷೇಮ ನೋಡುವುದು ಅದನ್ನು ಇಟ್ಟುಕೊಂಡವರ ಕರ್ತವ್ಯ ಎನ್ನುತ್ತದೆ. ನೀವು ಎಲ್ಲಿಯೇ ಕೆಲಸ ಮಾಡಿ, ಮೊದಲು ಹುಡುಕಬೇಕಾದ್ದು ಈ ಕರ್ತವ್ಯದ ಸಾಲನ್ನು. ಜೊತೆಗೆ ಮೂರು ವಿಷಯ ತಿಳಿದಿರಲಿ. ಪ್ರಾಣಿಯನ್ನು ವಶಕ್ಕೆ ಪಡೆಯುವ ಅಧಿಕಾರ ಯಾರಿಗಿದೆ, ಕೇಸು ಮುಗಿಯುವ ತನಕ ಅದು ಯಾರ ಬಳಿ ಇರಬೇಕು, ಖರ್ಚು ಯಾರದು. ಕೋರ್ಟಿನ ಕಣ್ಣಲ್ಲಿ ಅದು ಸಾಕ್ಷ್ಯ. ನಮಗೆ ಅದು ದಿನಾ ವಾಕಿಂಗ್ ಕೇಳುವ ಜೀವ. ಕೇಸು ಎಳೆದಷ್ಟು ದಿನ ಅದನ್ನು ದತ್ತು ಕೊಡುವ ಹಾಗಿಲ್ಲ. ಆದ್ದರಿಂದ ಮಧ್ಯಂತರ ವಶದ ಅರ್ಜಿಯನ್ನು, ಅಂದರೆ ಕೇಸು ಮುಗಿಯುವ ತನಕ ಪ್ರಾಣಿಯನ್ನು ನಮ್ಮ ಬಳಿ ಬಿಡಿ ಎಂಬ ಅರ್ಜಿಯನ್ನು, ಮೊದಲ ವಾರವೇ ಹಾಕಿಸಬೇಕು.

ಇನ್ನು ಶೆಲ್ಟರ್. ಇದರ ಬಗ್ಗೆ ನನಗೆ ಹೇಳಬೇಕಾದ್ದು ತುಂಬ ಇದೆ.

ಶೆಲ್ಟರ್ ಎಂದರೆ ಕಷ್ಟದಲ್ಲಿರುವ ಪ್ರತಿ ಪ್ರಾಣಿಯನ್ನೂ ತಂದಿಟ್ಟುಕೊಳ್ಳುವ ಜಾಗ ಎಂದು ನಾನೂ ನಂಬಿದ್ದೆ. ಹಾಗೆ ತುಂಬಿಸುತ್ತಾ ಹೋದ ಒಂದು ಕಡೆ ನಾನು ಕೆಲಸ ಮಾಡಿದ್ದೇನೆ. ನಡೆಸುತ್ತಿದ್ದವರು ಕೆಟ್ಟವರಲ್ಲ. ರಾತ್ರಿ ಎರಡಕ್ಕೆ ಫೋನ್ ಮಾಡಿದರೂ ಬರುತ್ತಿದ್ದರು. ಆದರೆ ಒಂದು ಗೂಡಿನಲ್ಲಿ ಐದು ನಾಯಿ. ಜಗಳ, ಕಚ್ಚಾಟ, ಚರ್ಮರೋಗ. ಮೂಲೆಯಲ್ಲಿ ಕೂತ ಮುದಿ ನಾಯಿ ಎರಡು ದಿನದಿಂದ ತಿಂದಿಲ್ಲ ಅನ್ನುವುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾವು ಯಾವ ಹಿತ್ತಲಿನಿಂದ ನಾಯಿಗಳನ್ನು ಬಿಡಿಸಿ ತರುತ್ತಿದ್ದೆವೋ, ಅಂಥದೇ ಹಿತ್ತಲು ನಮ್ಮ ಬೇಲಿಯೊಳಗೂ ಇತ್ತು.

ಇಲ್ಲಿ ನಿಮ್ಮ ಲೆಕ್ಕ ಬರುತ್ತದೆ. ದಿನಕ್ಕೆ ಸರಾಸರಿ ಎಷ್ಟು ಪ್ರಾಣಿ ಒಳಗೆ ಬರುತ್ತವೆ, ಒಂದೊಂದು ಸರಾಸರಿ ಎಷ್ಟು ದಿನ ಉಳಿಯುತ್ತದೆ, ಎರಡನ್ನೂ ಗುಣಿಸಿದರೆ ಶೆಲ್ಟರ್‌ನಲ್ಲಿ ಯಾವಾಗಲೂ ಇರುವ ಸಂಖ್ಯೆ ಸಿಗುತ್ತದೆ. ದಿನಕ್ಕೆ 3, ಉಳಿಯುವುದು 30 ದಿನ, ಅಂದರೆ 90. ಅದೇ 30 ದಿನವನ್ನು 20ಕ್ಕೆ ಇಳಿಸಿದರೆ 60. ಒಂದು ಪ್ರಾಣಿಯನ್ನೂ ವಾಪಸ್ ಕಳಿಸಿಲ್ಲ, ಒಂದು ಗೂಡೂ ಹೊಸದಾಗಿ ಕಟ್ಟಿಲ್ಲ, ಆದರೂ ಗದ್ದಲ ಇಳಿಯಿತು. ದಿನ ಇಳಿಸುವುದು ಹೇಗೆ? ಬಂದ ದಿನವೇ ಸಂತಾನಹರಣ ಆಪರೇಷನ್ನಿನ ತಾರೀಖು ಹಾಕಿ. ಫೋಟೋ ತೆಗೆಯುವುದನ್ನು ನಾಳೆಗೆ ತಳ್ಳಬೇಡಿ. ದತ್ತು ಕೇಳಿ ಬಂದವರಿಗೆ ಹತ್ತು ಪುಟದ ಅರ್ಜಿ ಕೊಡುವ ಬದಲು ಕೂರಿಸಿ ಮಾತಾಡಿಸಿ. ಮರಿಗಳನ್ನು ಸಾಧ್ಯವಾದಷ್ಟು ತಾತ್ಕಾಲಿಕ ಮನೆಗಳಿಗೆ ಕಳಿಸಿ.

ಕೈಗಳ ಲೆಕ್ಕವೂ ಹಾಗೇ. ಊಟ ಮತ್ತು ಸ್ವಚ್ಛತೆಗೇ ಒಂದು ಪ್ರಾಣಿಗೆ ದಿನಕ್ಕೆ ಕನಿಷ್ಠ 15 ನಿಮಿಷ ಬೇಕು ಎನ್ನುವುದು ಅಮೆರಿಕದ ಶೆಲ್ಟರ್‌ಗಳಲ್ಲಿ ಬಳಸುವ ಅಳತೆ. 40 ಪ್ರಾಣಿ ಎಂದರೆ 600 ನಿಮಿಷ, ಹತ್ತು ಗಂಟೆ. ಔಷಧಿ, ಆಟ, ಫೋನ್ ಎಲ್ಲ ಇದರ ಹೊರಗೆ. ಇಬ್ಬರೇ ಇರುವ ಕಡೆ ಎಷ್ಟು ಪ್ರಾಣಿ ಇಡಬಹುದು ಎಂದು ನೀವೇ ಲೆಕ್ಕ ಹಾಕಿ. ‘ಈಗ ಜಾಗ ಇಲ್ಲ’ ಎಂದು ಹೇಳುವಾಗ ನನಗೆ ಇವತ್ತಿಗೂ ಹೊಟ್ಟೆ ಕಿವುಚುತ್ತದೆ. ಆದರೂ ಹೇಳುತ್ತೇನೆ. ಹೇಳಿ ಸುಮ್ನೆ ಫೋನ್ ಇಡುವುದಿಲ್ಲ. ಮೂರು ದಿನ ಹೇಗೆ ನೋಡಿಕೊಳ್ಳಬೇಕು, ಯಾವ ಡಾಕ್ಟರಿಗೆ ತೋರಿಸಬೇಕು ಎಂದು ತಿಳಿಸಿ, ಯಾವ ದಿನ ಜಾಗ ಆಗುತ್ತದೆ ಎಂದು ತಾರೀಖು ಕೊಡುತ್ತೇನೆ.

ನನ್ನ ಒಂದು ತಪ್ಪನ್ನೂ ಹೇಳಬೇಕು. ಒಂದು ಮಳೆ ರಾತ್ರಿ ಯಾರೋ ರಟ್ಟಿನ ಡಬ್ಬಿಯಲ್ಲಿ ನಾಲ್ಕು ಮರಿ ಇಟ್ಟು ಹೋಗಿದ್ದರು. ಕ್ವಾರಂಟೈನ್ ಕೋಣೆ ತಣ್ಣಗಿತ್ತು. ಒಂದೇ ರಾತ್ರಿ ತಾನೇ ಎಂದು ಬೆಚ್ಚಗಿದ್ದ ಮರಿಗಳ ಕೋಣೆಯಲ್ಲಿ ಬಿಟ್ಟೆ. ಮೂರನೇ ದಿನ ಅವುಗಳಲ್ಲಿ ಒಂದಕ್ಕೆ ರಕ್ತಭೇದಿ. ಪಾರ್ವೋ, ನಾಯಿಮರಿಗಳ ಜೀವ ತೆಗೆಯುವ ಅಂಟುರೋಗ. ಎರಡು ವಾರದೊಳಗೆ ಒಂಬತ್ತು ಮರಿ ಹೋದವು, ಐದು ನಮ್ಮಲ್ಲಿ ಮೊದಲಿನಿಂದ ಇದ್ದವು. ಪಾರ್ವೋ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಸಾಮಾನ್ಯ ಫಿನಾಯಿಲಿಗೆ ಸಾಯುವುದಿಲ್ಲ. ಕೊಳೆಯನ್ನೆಲ್ಲ ಮೊದಲು ಉಜ್ಜಿ ತೊಳೆದು, ಆಮೇಲೆ ಸರಿಯಾಗಿ ಬೆರೆಸಿದ ಬ್ಲೀಚ್ ಹಾಕಿ, ಹತ್ತು ನಿಮಿಷವಾದರೂ ಹಸಿಯಾಗಿ ಬಿಡಬೇಕು. ಅಂದಿನಿಂದ ನಮ್ಮಲ್ಲಿ ಯಾವ ಮರಿ ಬಂದರೂ 14 ದಿನ ಬೇರೆ ಕೋಣೆ, ಬೇರೆ ಚಪ್ಪಲಿ, ಬೇರೆ ಪೊರಕೆ. ಲಸಿಕೆ ಒಳಗೆ ಬಂದ ಗಳಿಗೆಯಲ್ಲೇ. ಮೊದಲು ಆರೋಗ್ಯದ ಮರಿಗಳ ಕೆಲಸ ಮುಗಿಸಿ, ಕಾಯಿಲೆಯವನ್ನು ಕೊನೆಗೆ ಮುಟ್ಟುವುದು. ಕೋಣೆ ತಣ್ಣಗಿದ್ದರೆ ಹೀಟರ್ ತರಬೇಕಿತ್ತು. ಆ ಹೀಟರ್ ಈಗ ಅಲ್ಲಿದೆ.

ನಿಮ್ಮ ಆರೋಗ್ಯದ ಬಗ್ಗೆ ಎರಡು ಮಾತು. ಪ್ರಾಣಿ ಮುಟ್ಟುವ ಮೊದಲೇ ರೇಬಿಸ್ ಮುನ್ನೆಚ್ಚರಿಕೆ ಲಸಿಕೆ ಹಾಕಿಸಿಕೊಳ್ಳಿ. ಕಚ್ಚಿದರೆ ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಮೊದಲೇ ಲಸಿಕೆ ಆಗಿದ್ದರೂ ಹೋಗಲೇಬೇಕು. ವಾರದಲ್ಲಿ ಒಂದು ದಿನ ಫೋನ್ ಬೇರೆಯವರ ಕೈಗೆ ಕೊಡಿ. ಎಷ್ಟೋ ಒಳ್ಳೆಯ ಜೀವಗಳು ಎರಡೇ ವರ್ಷದಲ್ಲಿ ಸುಸ್ತಾಗಿ ಈ ಕೆಲಸ ಬಿಟ್ಟದ್ದನ್ನು ನೋಡಿದ್ದೇನೆ.

ಈಗಲೇ ರಾಜೀನಾಮೆ ಕೊಡಬೇಡಿ. ಆರು ತಿಂಗಳು ವಾರಕ್ಕೊಂದು ದಿನ ನಿಮಗೆ ಹತ್ತಿರದ ಶೆಲ್ಟರ್‌ಗೆ ಹೋಗಿ. ಮೊದಲು ಕೈಗೆ ಕೊಡುವುದು ಮಾಪ್ ಮತ್ತು ತೊಳೆಯದ ಬಟ್ಟಲುಗಳು. ಬೇಸರ ಮಾಡಿಕೊಳ್ಳಬೇಡಿ, ಯಾವ ನಾಯಿ ಊಟ ಬಿಟ್ಟಿದೆ ಎಂದು ಮೊದಲು ಗೊತ್ತಾಗುವುದು ಬಟ್ಟಲು ತೊಳೆಯುವವರಿಗೇ. ಹೆದರಿದ ಬೆಕ್ಕು ಬಂದರೆ ಗೂಡಿನೊಳಗೆ ಒಂದು ರಟ್ಟಿನ ಡಬ್ಬಿ ಇಟ್ಟು ನೋಡಿ. ಅಡಗಲು ಜಾಗ ಸಿಕ್ಕ ಬೆಕ್ಕು ಬೇಗ ಸುಧಾರಿಸಿಕೊಳ್ಳುತ್ತದೆ. ಎರಡನೇ ದಿನ ಡಬ್ಬಿಯ ಅಂಚಿನಿಂದ ಎರಡು ಕಿವಿ ಕಾಣುತ್ತವೆ, ಆಮೇಲೆ ಕಣ್ಣು.

ಪರಿಚಯ ಆದ ಮೇಲೆ ನಡೆಸುವವರನ್ನು ಕೇಳಿ: ಇಲ್ಲಿ ಒಂದು ಪ್ರಾಣಿ ಸರಾಸರಿ ಎಷ್ಟು ದಿನ ಇರುತ್ತದೆ? ಬಹಳ ಕಡೆ ಉತ್ತರ ಸಿಗುವುದಿಲ್ಲ, ಬರೆದಿಡಲು ಯಾರಿಗೂ ಪುರುಸೊತ್ತು ಆಗಿರುವುದಿಲ್ಲ. ಆಗ ಹಳೇ ರಿಜಿಸ್ಟರ್ ಕೇಳಿ ತೆಗೆದುಕೊಂಡು, ಒಂದು ಮೂಲೆಯಲ್ಲಿ ಕೂತು, ಬಂದ ತಾರೀಖು ಮತ್ತು ಹೋದ ತಾರೀಖು ಪಟ್ಟಿ ಮಾಡಲು ಶುರು ಮಾಡಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಬರೆಯಿರಿ, ನಾನು ನೋಡುತ್ತೇನೆ.