ಅದೇ ಬ್ಯಾಂಕಿಗೆ ಹಾಕಿದರೆ ಹಣ ತಕ್ಷಣ ಸೇರುತ್ತದೆ, ಬೇರೆ ಬ್ಯಾಂಕಿಗೆ ಕೆಲವೊಮ್ಮೆ ತಡವಾಗುತ್ತದೆ. ಯಾಕೆ?

ಉದಾಹರಣೆಗೆ, ಬ್ಯಾಡಗಿಯಿಂದ ಹುಬ್ಬಳ್ಳಿಗೆ ಮೆಣಸಿನಕಾಯಿ ಹಣ ಕಳಿಸಿದಾಗ ಹೀಗಾಗಬಹುದು. ಊರಿನ ದೂರಕ್ಕೂ ಇದಕ್ಕೂ ಸಂಬಂಧವಿಲ್ಲ. ಹಣ ಹೋಗುವ ದಾರಿಯೇ ಬೇರೆ.

ಬ್ಯಾಂಕಿನ ಸಾಫ್ಟ್‌ವೇರ್ ಈ ದಾರಿಯನ್ನು ಆರಿಸುವುದು ಐಎಫ್‌ಎಸ್‌ಸಿ (ಬ್ಯಾಂಕು, ಶಾಖೆ ಗುರುತಿಸುವ ಕೋಡ್) ನೋಡಿಕೊಂಡು. ಅದರಲ್ಲಿ 11 ಅಕ್ಷರ: ಮೊದಲ 4 ಬ್ಯಾಂಕಿನ ಗುರುತು, ಐದನೆಯದು ಸೊನ್ನೆ, ಕೊನೆಯ 6 ಶಾಖೆಯದು. ಹಣ ಪಡೆಯುವವರ ಖಾತೆಯೂ ನಿಮ್ಮ ಬ್ಯಾಂಕಿನಲ್ಲೇ ಇದ್ದರೆ ಹಣ ಹೊರಗೆ ಹೋಗುವ ಮಾತೇ ಇಲ್ಲ. ಒಂದೇ ಲೆಡ್ಜರಿನಲ್ಲಿ (ಲೆಕ್ಕದ ಪುಸ್ತಕದಲ್ಲಿ) ನಿಮಗೆ ಡೆಬಿಟ್, ಅವರಿಗೆ ಕ್ರೆಡಿಟ್. ಅಷ್ಟೇ.

ಬೇರೆ ಬ್ಯಾಂಕಾದರೆ ನಿಮ್ಮ ಖಾತೆಯಿಂದ ಕಡಿತವಾದ ಹಣ ಮೊದಲು ನಿಮ್ಮ ಬ್ಯಾಂಕಿನದೇ ಒಂದು ನಡುವಿನ ಖಾತೆಗೆ ಬರುತ್ತದೆ. ಹೊರಗೆ ಹೋಗುವುದು ಸಂದೇಶ ಮಾತ್ರ. ನೆಫ್ಟ್ ಎಂಬ ವರ್ಗಾವಣೆ ವ್ಯವಸ್ಥೆಯಾದರೆ ಆ ಸಂದೇಶ ಮುಂದಿನ ಬ್ಯಾಚಿಗೆ (ಒಟ್ಟಿಗೆ ಚುಕ್ತಾ ಆಗುವ ಗುಂಪಿಗೆ) ಕಾಯಬೇಕು. ಅರ್ಧ ಗಂಟೆಗೊಂದು ಬ್ಯಾಚ್, ದಿನಕ್ಕೆ 48. ಪ್ರತಿ ಬ್ಯಾಚಿನಲ್ಲೂ ಬ್ಯಾಂಕುಗಳು ಒಂದಕ್ಕೊಂದು ಕೊಡಬೇಕಾದ್ದು, ಬರಬೇಕಾದ್ದು ಎಲ್ಲ ಒಂದರಲ್ಲೊಂದು ಕಳೆದು, ಉಳಿದದ್ದನ್ನು ರಿಸರ್ವ್ ಬ್ಯಾಂಕಿನಲ್ಲಿರುವ ತಮ್ಮ ಖಾತೆಗಳಲ್ಲಿ ಚುಕ್ತಾ ಮಾಡುತ್ತವೆ. ನೀವು ಕಾಯುವುದು ಇದಕ್ಕೇ. ಬ್ಯಾಚ್ ಮುಗಿದ 2 ಗಂಟೆಯೊಳಗೆ ಹಣ ಪಡೆಯುವವರ ಬ್ಯಾಂಕು ಅದನ್ನು ಜಮಾ ಮಾಡಬೇಕು, ಇಲ್ಲವೇ ವಾಪಸ್ ಕಳಿಸಬೇಕು.

2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಮೇಲಾದರೆ ಆರ್‌ಟಿಜಿಎಸ್ ಎಂಬ ಇನ್ನೊಂದು ವ್ಯವಸ್ಥೆ ಇದೆ. ಅಲ್ಲಿ ಬ್ಯಾಚ್ ಇಲ್ಲ, ಒಂದೊಂದೂ ಬಂದ ಹಾಗೇ ಚುಕ್ತಾ. ಐಎಂಪಿಎಸ್, ಯುಪಿಐ ಎಂಬ ತಕ್ಷಣದ ಪಾವತಿಗಳು ಹೋಗುವುದು ಎನ್‌ಪಿಸಿಐ (ಈ ಪಾವತಿ ಜಾಲಗಳನ್ನು ನಡೆಸುವ ಸಂಸ್ಥೆ) ಮೂಲಕ: ಗ್ರಾಹಕರಿಗೆ ಹಣ ಆಗಲೇ ಸಿಗುತ್ತದೆ, ಬ್ಯಾಂಕುಗಳು ಲೆಕ್ಕ ಆಮೇಲೆ ತೀರಿಸಿಕೊಳ್ಳುತ್ತವೆ.

ದಯವಿಟ್ಟು ಖಾತೆ ಸಂಖ್ಯೆಯನ್ನು ಎರಡೆರಡು ಸಲ ನೋಡಿ. ನೆಫ್ಟ್, ಆರ್‌ಟಿಜಿಎಸ್‌ನಲ್ಲಿ ಹಣ ಜಮಾ ಆಗುವುದು ಸಂಖ್ಯೆಯ ಮೇಲೆ, ಹೆಸರಿನ ಮೇಲಲ್ಲ. ಹಣ ಸೇರದಿದ್ದರೆ ಯುಟಿಆರ್ ಸಂಖ್ಯೆ (ಆ ವರ್ಗಾವಣೆಯ ಗುರುತಿನ ಸಂಖ್ಯೆ) ಹಿಡಿದು ನಿಮ್ಮ ಬ್ಯಾಂಕಿನಲ್ಲೇ ಕೇಳಿ.