ದೇಶಗಳ ಕಾನೂನಿನೊಳಗೆ ಮೀನುಗಾರ ಹೇಗೆ ಬಂದ?

ಕಳೆದ ಸಂಚಿಕೆಯ ಲೇಖನವೊಂದರಲ್ಲಿ ‘ಅಂತರರಾಷ್ಟ್ರೀಯ ಕಾನೂನಿನ ಉಲ್ಲಂಘನೆ’ ಎಂಬ ಮಾತು ಓದಿ ರಾಜ್ಯಶಾಸ್ತ್ರದ ನಿವೃತ್ತ ಅಧ್ಯಾಪಕರೊಬ್ಬರು ಪತ್ರ ಬರೆದಿದ್ದಾರೆ: “ದೇಶ ದೇಶಗಳ ನಡುವಿನ ಸಂಬಂಧವನ್ನು ನಿಯಂತ್ರಿಸುವ ನಿಯಮಗಳೇ ಅಂತರರಾಷ್ಟ್ರೀಯ ಕಾನೂನು ಎಂದು ನಾನು ಪಾಠ ಹೇಳುತ್ತಿದ್ದೆ. ಈಗ ಮೀನುಗಾರ, ಕೈದಿ, ಕಂಪನಿ ಎಲ್ಲರೂ ಅದರೊಳಗೆ ಬಂದಿದ್ದಾರೆ. ವ್ಯಾಖ್ಯೆ ಬದಲಾಯಿತೋ, ನೀವು ಪತ್ರಿಕೆಯವರು ಪದವನ್ನು ಸಡಿಲವಾಗಿ ಬಳಸುತ್ತಿದ್ದೀರೋ? ಪೊಲೀಸರೇ ಇಲ್ಲದ ಕಾನೂನು ಎಂಥ ಕಾನೂನು?”

ಮಾನ್ಯರೇ,

ನೀವು ಹೇಳಿಕೊಟ್ಟ ವ್ಯಾಖ್ಯೆ ಅದರ ಕಾಲಕ್ಕೆ ಸರಿಯಾಗಿಯೇ ಇತ್ತು. 1905ರಲ್ಲಿ ಅಂತರರಾಷ್ಟ್ರೀಯ ಕಾನೂನಿನ ಪಂಡಿತ ಒಪ್ಪನ್‌ಹೈಮ್ ಬರೆದದ್ದೂ ಹೆಚ್ಚುಕಡಿಮೆ ಅದೇ. ಒಂದು ಷರತ್ತು ಮಾತ್ರ ಹೆಚ್ಚಿಗೆ ಇತ್ತು: ಆ ದೇಶಗಳು ‘ನಾಗರಿಕ’ ದೇಶಗಳಾಗಿರಬೇಕು. ಯಾರು ನಾಗರಿಕರು ಎಂದು ತೀರ್ಮಾನಿಸುತ್ತಿದ್ದವರು ಯುರೋಪಿನವರೇ. ತುರ್ಕರ ಆಟೊಮನ್ ಸಾಮ್ರಾಜ್ಯದಂಥ ದೊಡ್ಡ ಕುಳಕ್ಕೂ ಆ ಪಂಕ್ತಿಯಲ್ಲಿ ಎಲೆ ಹಾಕಿದ್ದು 1856ರ ಪ್ಯಾರಿಸ್ ಒಪ್ಪಂದದಲ್ಲಿ. ಆದ್ದರಿಂದ ಮೊದಲು ಹಿಗ್ಗಿದ್ದು ದೇಶಗಳ ಪಟ್ಟಿ. 1945ರಲ್ಲಿ 51 ಸದಸ್ಯರಿದ್ದ ವಿಶ್ವಸಂಸ್ಥೆಯಲ್ಲಿ ಈಗ 193 ದೇಶಗಳಿವೆ. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದದ್ದೂ ಆ ಕಾಲದ ಮಾತು.

ವ್ಯಾಖ್ಯೆ ನಿಜಕ್ಕೂ ಬಿರುಕು ಬಿಟ್ಟದ್ದು ಒಂದು ಕೊಲೆಯಿಂದ. 1948ರ ಸೆಪ್ಟೆಂಬರಿನಲ್ಲಿ, ಪ್ಯಾಲೆಸ್ಟೀನ್‌ಗೆ ವಿಶ್ವಸಂಸ್ಥೆಯ ಸಂಧಾನಕಾರರಾಗಿ ಹೋಗಿದ್ದ ಸ್ವೀಡನ್ನಿನ ಕೌಂಟ್ ಬರ್ನಡೊಟ್ ಅವರನ್ನು ಜೆರುಸಲೇಮಿನಲ್ಲಿ ಗುಂಡಿಟ್ಟು ಕೊಂದರು. ಪರಿಹಾರ ಕೇಳಬೇಕಾದವರು ಯಾರು? ಅವರು ಸ್ವೀಡನ್ನಿನ ಪ್ರಜೆ ನಿಜ, ಆದರೆ ಸತ್ತದ್ದು ವಿಶ್ವಸಂಸ್ಥೆಯ ಕೆಲಸದ ಮೇಲಿದ್ದಾಗ. ವಿಶ್ವಸಂಸ್ಥೆಯೋ ದೇಶವಲ್ಲ. ಕೊಲೆ ನಡೆದ ಜಾಗ ಇಸ್ರೇಲಿನ ಹಿಡಿತದಲ್ಲಿತ್ತು, ಆದರೆ ಇಸ್ರೇಲ್ ಆಗಿನ್ನೂ ವಿಶ್ವಸಂಸ್ಥೆಯ ಸದಸ್ಯನೂ ಆಗಿರಲಿಲ್ಲ. 1949ರ ಏಪ್ರಿಲಿನಲ್ಲಿ ಹೇಗ್‌ನ ನ್ಯಾಯಾಲಯ ಅಭಿಪ್ರಾಯ ಕೊಟ್ಟಿತು: ವಿಶ್ವಸಂಸ್ಥೆ ದೇಶವಲ್ಲದಿದ್ದರೂ ಅದಕ್ಕೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ತನ್ನದೇ ವ್ಯಕ್ತಿತ್ವವಿದೆ (ಅಂದರೆ ಹಕ್ಕು, ಹೊಣೆ ಹೊರುವ ಅರ್ಹತೆಯಿದೆ), ಸದಸ್ಯನಲ್ಲದ ದೇಶದಿಂದಲೂ ಅದು ಪರಿಹಾರ ಕೇಳಬಹುದು. ಇಸ್ರೇಲ್ ಮರುವರ್ಷ ಹಣ ಕೊಟ್ಟಿತು. ದೇಶವಲ್ಲದ್ದೊಂದು ಈ ಕಾನೂನಿನೊಳಗೆ ಹಕ್ಕುದಾರನಾಗಿ ಕೂತದ್ದು ಹೀಗೆ. ಅದಕ್ಕೂ ಮೊದಲೇ, ನಾಜಿ ನಾಯಕರ ವಿಚಾರಣೆಯ 1946ರ ನ್ಯೂರೆಂಬರ್ಗ್ ತೀರ್ಪು ‘ಅದು ಸರ್ಕಾರದ ಆಜ್ಞೆ, ನನ್ನದೇನಿಲ್ಲ’ ಎಂದ ಅಧಿಕಾರಿಗಳನ್ನು ವ್ಯಕ್ತಿಗಳಾಗಿಯೇ ಹೊಣೆ ಮಾಡಿತ್ತು. ಅಂದರೆ ಒಂಟಿ ಮನುಷ್ಯ ಮೊದಲು ಒಳಗೆ ಬಂದದ್ದು ಆರೋಪಿಯಾಗಿ. ಅವನ ಹಕ್ಕುಗಳ ಮಾತು ಗಟ್ಟಿಯಾದದ್ದು ಆಮೇಲೆ.

ಇನ್ನು ನಿಮ್ಮ ಮೀನುಗಾರ. 2012ರ ಫೆಬ್ರುವರಿ 15ರಂದು ಕೇರಳದ ಕರಾವಳಿಯಿಂದ ಸುಮಾರು 20 ನಾಟಿಕಲ್ ಮೈಲಿ ಆಚೆ, ‘ಎನ್ರಿಕಾ ಲೆಕ್ಸಿ’ ಎಂಬ ಇಟಲಿಯ ತೈಲ ಹಡಗಿನಲ್ಲಿದ್ದ ನೌಕಾಪಡೆಯ ಯೋಧರು ‘ಸೇಂಟ್ ಆಂಟನಿ’ ದೋಣಿಯತ್ತ ಗುಂಡು ಹಾರಿಸಿದರು. ಕಡಲ್ಗಳ್ಳರೆಂದುಕೊಂಡೆವು ಎಂಬುದು ಅವರ ವಾದ. ಇಬ್ಬರು ಮೀನುಗಾರರು ಸತ್ತರು. ದೇಶದ ಒಡೆತನದ ಕಡಲು 12 ನಾಟಿಕಲ್ ಮೈಲಿಗೆ ಮುಗಿಯುತ್ತದೆ. ಅಲ್ಲಿಂದಾಚೆ, 200 ಮೈಲಿಯವರೆಗೆ, ಮೀನು ಮತ್ತು ಖನಿಜದ ಮೇಲೆ ನಮ್ಮ ಹಕ್ಕು ಇದೆ. ಗುಂಡು ಹಾರಿಸಿದವನನ್ನು ವಿಚಾರಿಸುವ ಹಕ್ಕು? ಆ ಜಗಳ 1982ರ ಸಮುದ್ರ ಕಾನೂನು ಒಪ್ಪಂದದಡಿ ಮಧ್ಯಸ್ಥಿಕೆ ನ್ಯಾಯಮಂಡಳಿಗೆ ಹೋಯಿತು. 2020ರಲ್ಲಿ ಅದು ಹೇಳಿದ್ದು: ಯೋಧರು ಇಟಲಿ ಸರ್ಕಾರದ ಅಧಿಕಾರಿಗಳು, ಭಾರತ ಅವರ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಸುವಂತಿಲ್ಲ, ಆದರೆ ಭಾರತದ ನೌಕಾಯಾನದ ಸ್ವಾತಂತ್ರ್ಯವನ್ನು ಇಟಲಿ ಮುರಿದಿದೆ, ಪರಿಹಾರ ಕೊಡಬೇಕು. 10 ಕೋಟಿ ರೂಪಾಯಿ ಬಂತು. ತಲಾ 4 ಕೋಟಿ ಸತ್ತವರ ಮನೆಯವರಿಗೆ, 2 ಕೋಟಿ ದೋಣಿಯ ಮಾಲೀಕರಿಗೆ. 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರಕರಣ ಮುಗಿಸಿತು.

ಇಲ್ಲಿ ಗಮನಿಸಿ: ವಾದಿ ಪ್ರತಿವಾದಿಗಳು ಇಟಲಿ ಮತ್ತು ಭಾರತ. ಸತ್ತವರ ಹೆಂಡಿರು ಮಕ್ಕಳು ಆ ಕಟಕಟೆಯಲ್ಲಿ ಯಾರೂ ಅಲ್ಲ. ಈಗ ಬೆಂಗಳೂರಿನ ದೇವಾಸ್ ಕಂಪನಿಯನ್ನು ನೋಡಿ. ಇಸ್ರೋದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್ ಅದರೊಂದಿಗೆ 2005ರಲ್ಲಿ ಮಾಡಿಕೊಂಡಿದ್ದ ಒಪ್ಪಂದ 2011ರಲ್ಲಿ ರದ್ದಾದಾಗ, ಮಾರಿಷಸ್ ಮತ್ತು ಜರ್ಮನಿಯ ಹೂಡಿಕೆದಾರರು ತಮ್ಮ ತಮ್ಮ ಸರ್ಕಾರದ ಕೈ ಹಿಡಿಯದೆ, ನೇರವಾಗಿ ಭಾರತವನ್ನೇ ಅಂತರರಾಷ್ಟ್ರೀಯ ಮಧ್ಯಸ್ಥಿಕೆಗೆ ಎಳೆದರು. (ಆ ಕಂಪನಿಯ ಹುಟ್ಟಿನಲ್ಲೇ ವಂಚನೆಯಿದೆ ಎಂದು 2022ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿತು, ಆ ರಾಮಾಯಣ ಬೇರೆ.) ಹೂಡಿಕೆ ಒಪ್ಪಂದಗಳು ಬಂಡವಾಳಗಾರನಿಗೆ ಕೊಟ್ಟ ಈ ಬಾಗಿಲು ಮೀನುಗಾರನ ಮನೆಯವರಿಗಿಲ್ಲ. ಈ ಕಾನೂನಿನ ವ್ಯಾಪ್ತಿ ಹಿಗ್ಗಿದೆ, ಆದರೆ ಎಲ್ಲರ ಪಾಲಿಗೂ ಒಂದೇ ಸಮ ಹಿಗ್ಗಿಲ್ಲ ಎಂಬುದೇ ನನ್ನ ತಕರಾರು.

ಆದ್ದರಿಂದ ಇಂದು ಪಾಠ ಹೇಳುವುದಾದರೆ, ‘ದೇಶಗಳ ನಡುವಿನ ನಿಯಮ’ ಎಂಬುದನ್ನು ಉಳಿಸಿಕೊಂಡು, ‘ಅಂತರರಾಷ್ಟ್ರೀಯ ಸಂಸ್ಥೆಗಳಿಗೆ, ಮತ್ತು ಕೆಲವು ಮಟ್ಟಿಗೆ ವ್ಯಕ್ತಿ, ಕಂಪನಿಗಳಿಗೆ ಹಕ್ಕು, ಹೊಣೆ ಕೊಡುವ ನಿಯಮಗಳೂ’ ಎಂದು ಸೇರಿಸಿ. ‘ಕೆಲವು ಮಟ್ಟಿಗೆ’ ಎಂಬುದನ್ನು ಮಾತ್ರ ಬಿಡಬೇಡಿ.

ಪೊಲೀಸರ ಪ್ರಶ್ನೆಗೆ ಅರ್ಧ ಉತ್ತರವಷ್ಟೇ ಕೊಡಬಲ್ಲೆ. ಬೆಂಗಳೂರಿನಿಂದ ಹೊರಟ ವಿಮಾನ ಹಲವು ದೇಶಗಳ ಆಕಾಶ ದಾಟಿ ಇಳಿಯುವುದು 1944ರ ಶಿಕಾಗೊ ಒಪ್ಪಂದದ ವ್ಯವಸ್ಥೆಯಡಿ. ಅದನ್ನು ಪಾಲಿಸಿದರೆ ಎಲ್ಲರಿಗೂ ಲಾಭವಾದ್ದರಿಂದ ಲಾಠಿ ಬೇಕಾಗುವುದೇ ಅಪರೂಪ. ಬಲಾಢ್ಯರು ತಿರುಗಿಬಿದ್ದಾಗ ಮಾತ್ರ ನಿಮ್ಮ ಸಂಶಯವೇ ಗೆಲ್ಲುತ್ತದೆ. 1986ರಲ್ಲಿ ಮಧ್ಯ ಅಮೆರಿಕದ ಪುಟ್ಟ ದೇಶ ನಿಕರಾಗುವ, ಅಮೆರಿಕ ಸಂಯುಕ್ತ ಸಂಸ್ಥಾನದ ವಿರುದ್ಧ ಹೇಗ್‌ನಲ್ಲಿ ಗೆದ್ದಿತು. ತೀರ್ಪನ್ನು ಜಾರಿ ಮಾಡಿಸಿ ಎಂದು ಭದ್ರತಾ ಮಂಡಳಿಗೆ ಹೋದಾಗ ಅಮೆರಿಕ ವೀಟೊ ಹಾಕಿತು. 1991ರಲ್ಲಿ ನಿಕರಾಗುವದ ಹೊಸ ಸರ್ಕಾರ ಪರಿಹಾರದ ಮೊಕದ್ದಮೆಯನ್ನೇ ಹಿಂದಕ್ಕೆ ಪಡೆಯಿತು.

– ಸಂಪಾದಕ